ನೀಲಿ ಅಂಚಿನ ಬಿಳಿ ಸೀರೆ

ಡಿಸೆಂಬರ್ ಬಂತೆಂದರೆ ಕ್ರಿಸ್ಮಸ್ ಹಾಡು ಹಾಡುವ ನಮ್ಮ ಚರ್ಚಿನ ಕ್ಯಾರಲ್ ತಂಡ ಯಾವ ದಿನ ಯಾವ ಓಣಿಗೆ ಹೋಗಬೇಕೆಂದು ಬರೆದಿಡುವ ಕೆಲಸ ನನ್ನದು. ಹತ್ತನೇ ಕ್ಲಾಸಿನಿಂದ ತಪ್ಪದೆ ದಿನಚರಿ ಬರೆಯುವವಳು ಎಂಬ ಕಾರಣಕ್ಕೆ ಇಂಥ ಕೆಲಸಗಳೆಲ್ಲ ನನ್ನ ಕೊರಳಿಗೆ ಬೀಳುತ್ತವೆ. ಓಣಿ ಯಾವುದೇ ಇರಲಿ, ಕೊನೆಯ ನಿಲ್ದಾಣ ಮಾತ್ರ ಪ್ರತಿವರ್ಷ ಒಂದೇ. ಶಹಾಪುರದಲ್ಲಿ ನಮ್ಮ ಚರ್ಚಿನ ಗೇಟಿನ ಎದುರಿಗಿರುವ ಕಿರಾಣಿ ಅಂಗಡಿ. ಈ ಸಲ ಬರೆಯುತ್ತ ಆ ಸಾಲಿಗೆ ಬಂದಾಗ ಪೆನ್ನು ತಡೆಯಿತು. ಅಂಗಡಿಯ ಒಡತಿ ದೀಪಾವಳಿ ಮುಗಿದ ವಾರ ತೀರಿಕೊಂಡರು. ಶಟರ್ ಎಳೆದಿದೆ. ಅದರ ಮುಂದಿನ ಕಟ್ಟೆಯ ಮೇಲೆ ಈಗ ಬೀದಿನಾಯಿಯೊಂದು ಬಿಸಿಲು ಕಾಯಿಸುತ್ತ ಮಲಗುತ್ತದೆ.

ನಾವೆಲ್ಲ ಅವರನ್ನು ಅಂಗಡಿ ಅವ್ವ ಎನ್ನುತ್ತಿದ್ದೆವು. ಅವರ ಹೆಸರು ನನಗೆ ಗೊತ್ತು, ಆದರೆ ಬದುಕಿರುವಾಗ ಒಮ್ಮೆಯೂ ಬಳಸದ ಹೆಸರನ್ನು ಈಗ ಬರೆಯಲು ಮನಸ್ಸು ಬಾರದು.

ಅವರು ನಮ್ಮ ಚರ್ಚಿನವರಲ್ಲ. ಲಿಂಗ ಕಟ್ಟಿಕೊಂಡವರು. ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮುಂಚೆ ಹಣೆಗೆ ಮೂರು ಬೆರಳು ವಿಭೂತಿ ಎಳೆದುಕೊಂಡೇ ಹೊರಗೆ ಬರುತ್ತಿದ್ದರು. ನಮ್ಮವರು ಬಹುಪಾಲು ಕೇರಿಯ ಮಂದಿ, ಮುತ್ತಜ್ಜಂದಿರ ಕಾಲದಲ್ಲಿ ಚರ್ಚಿಗೆ ಸೇರಿದವರು. ಅವರ ಬಳಗದ ಲಿಂಗವಂತರು ನಮ್ಮ ಮನೆಗಳಲ್ಲಿ ನೀರು ಸಹ ಕುಡಿಯುತ್ತಿರಲಿಲ್ಲ. ಅಂಗಡಿ ಅವ್ವ ಮಾತ್ರ ನಮ್ಮ ಜೊತೆ ಹಾಡಿನ ಪ್ರಾಕ್ಟೀಸ್ ಮುಗಿಸಿ ಸೀದಾ ನಮ್ಮ ಅಡುಗೆಮನೆಗೆ ಬಂದು, ಒಲೆಯ ಮುಂದೆ ಕೂತು, "ಜರಾ ಬಿಸಿ ಅನ್ನ ಹಾಕ್ರಿ, ದನಿ ಹರದು ಹೋಗ್ಯಾದ" ಎನ್ನುತ್ತಿದ್ದರು. ಚಿಕ್ಕವಳಿದ್ದಾಗ ಅದರಲ್ಲಿ ವಿಶೇಷವೇನೂ ನನಗೆ ಕಂಡಿರಲಿಲ್ಲ. ದೊಡ್ಡವಳಾಗಿ ಬೇರೆ ಅಂಗಡಿಗಳಲ್ಲಿ ಚಿಲ್ಲರೆಯನ್ನು ಕೈಗೆ ಕೊಡದೆ ಹಲಗೆಯ ಮೇಲೆ ಇಡುವುದನ್ನು ನೋಡಿದ ಮೇಲೆ ತಿಳಿಯಿತು.

ಅವರಿಗೆ ನಮ್ಮ ಹಾಡುಗಳು ಬಂದದ್ದು ದವಾಖಾನೆಯಿಂದ. ಅವರು ಸಣ್ಣವರಿದ್ದಾಗ ಅವರ ತಾಯಿಗೆ ಎದೆಯ ಬೇನೆಯಾಗಿ ಮಿಷನ್ ದವಾಖಾನೆಯಲ್ಲಿ ಬಹಳ ತಿಂಗಳು ಮಲಗಬೇಕಾಯಿತಂತೆ. ಅಲ್ಲಿಯ ನರ್ಸ್ ಒಬ್ಬರು ಸಂಜೆ ರೋಗಿಗಳ ಮಂಚದ ಬಳಿ ನಿಂತು ಹಾಡುತ್ತಿದ್ದರು. ಈ ಹುಡುಗಿ ಹಿಂದೆ ಹಿಂದೆ ತಿರುಗಿ ಎಲ್ಲವನ್ನೂ ಕಲಿತಳು. "ನಮ್ಮವ್ವ ಆ ಹಾಡು ಕೇಳ್ಕೊಂತ ನಿದ್ದಿ ಮಾಡ್ತಿದ್ಲು. ಅದಕ್ಕ ನನಗ ಅವು ದೇವ್ರ ಹಾಡು ಅಲ್ಲ, ಅವ್ವನ ಹಾಡು" ಎಂದು ಒಮ್ಮೆ ಹೇಳಿದ್ದರು. ಮದುವೆಯಾಗಿ ಬಂದು ನೋಡಿದರೆ ಗಂಡನ ಅಂಗಡಿ ಚರ್ಚಿನ ಎದುರಿಗೇ. ಮೊದಲ ಕ್ರಿಸ್ಮಸ್ಸಿಗೆ ಕ್ಯಾರಲ್ ತಂಡ ಅಂಗಡಿಯ ಮುಂದೆ ಹಾಯುವಾಗ ಒಳಗಿನಿಂದ ಮೇಲಿನ ದನಿಯಲ್ಲಿ ಯಾರೋ ಜೊತೆಗೂಡಿದರು. ತಂಡ ನಿಂತಿತು. ಅಂದಿನಿಂದ ಪ್ರತಿ ಡಿಸೆಂಬರಿನಲ್ಲೂ ಅವರು ನಮ್ಮ ಜೊತೆಗಿದ್ದರು.

ಗಂಡ ತೀರಿಕೊಂಡಾಗ ಮಗಳು ಇನ್ನೂ ಶಾಲೆಗೆ ಹೋಗುತ್ತಿದ್ದಳು. ಗಂಡನ ಮನೆಯವರು ಬಿಳಿ ಸೀರೆ ತಂದರು, ಬಳೆ ಒಡೆಯಲು ಹೆಂಗಸರು ಬಂದರು. ಅಂಗಡಿ ಅವ್ವ ಎರಡೂ ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಂತರಂತೆ.

"ಗಂಡ ಸತ್ತಾನ, ಕೈ ಸತ್ತಿಲ್ಲ. ನಾಳಿಗಿ ಅಂಗಡ್ಯಾಗ ಕುಂದರಬೇಕಾದಾಕಿ ನಾನು. ಬೋಳ ಕೈಲೆ ಸಕ್ರಿ ತೂಗಿದ್ರ ಯಾವ ಗಿರಾಕಿ ಬರ್ತಾನ?"

ಈ ಕಥೆಯನ್ನು ಅವರೇ ನಗುತ್ತ ನನಗೆ ಹೇಳಿದ್ದು. ಆ ಬಿಳಿ ಸೀರೆ ಏನಾಯಿತು ಎಂದು ಕೇಳಿದೆ.

"ಎಣ್ಣಿ ಡಬ್ಬಿ ಒರಸಾಕ ಭಾಳ ಚಲೋ ಆಯ್ತು" ಎಂದರು.

ಹೀಗಾಗಿ ಅವರ ಕೈಗಳಲ್ಲಿ ಹಸಿರು ಗಾಜಿನ ಬಳೆಗಳು ಕೊನೆಯತನಕ ಇದ್ದವು. ಮೈಮೇಲೆ ಇಳಕಲ್ಲಿನ ಕೆಂಪೋ ಹಸಿರೋ ದಡಿಯ ಸೀರೆ. ಆ ಬಳೆಗಳೇ ನಮ್ಮ ಹಾಡುಬಳಗದ ತಾಳ. ತಬಲಾ ಇತ್ತು, ಹಾರ್ಮೋನಿಯಂ ಇತ್ತು, ಆದರೆ ಹಾಡು ಶುರುವಾಗುವುದು ಅವುಗಳಿಂದಲ್ಲ. ಎಲ್ಲರೂ ನಿಂತು ಸುಮ್ಮನಾದ ಮೇಲೆ ಅಂಗಡಿ ಅವ್ವ ಬಲಗೈಯ ಬಳೆಗಳನ್ನು ಎಡಗೈಯ ಬಳೆಗಳಿಗೆ ಎರಡು ಸಲ ತಾಕಿಸುತ್ತಿದ್ದರು. ಖಣ್, ಖಣ್. ಮೂರನೆಯದು ಬಾರಿಸುತ್ತಿರಲಿಲ್ಲ. ಮೂರನೆಯ ಜಾಗದಲ್ಲಿ ನಾವು ದನಿ ಎತ್ತಬೇಕು. ಯಾರು ಯಾವಾಗ ಈ ಪದ್ಧತಿ ಮಾಡಿದರೋ ತಿಳಿಯದು. ನಾನು ಚರ್ಚಿನಲ್ಲಿ ಹಾಡಲು ನಿಂತ ದಿನದಿಂದ ಹಾಗೇ ಇತ್ತು. ನಾನು ಅವರ ಎಡಕ್ಕೆ ನಿಲ್ಲುತ್ತಿದ್ದೆ. ಆ ಎರಡು ಸದ್ದು ಮೊದಲು ಬೀಳುತ್ತಿದ್ದುದು ನನ್ನ ಬಲಗಿವಿಗೆ.

ಅವರ ಮಾತಿಗೆ ಹೆದರದವರು ನಮ್ಮ ಓಣಿಯಲ್ಲಿ ಇರಲಿಲ್ಲ. ಪ್ರಾಕ್ಟೀಸಿನಲ್ಲಿ ನಾನು ಯಾರು ಬಂದರು, ಯಾರು ಬರಲಿಲ್ಲ ಎಂದು ಗುರುತು ಹಾಕುತ್ತ ಕೂತರೆ, "ಏನ್ ಬರಕೊಂಡಿ ಯವ್ವಾ ಇವತ್ತ? ನನ್ನ ಕೆಮ್ಮು ಎಷ್ಟು ಸಲ ಬಂತು, ಅದನ್ನೂ ಬರದಿ ಏನು? ನಾಳಿಗಿ ದೇವ್ರು ಲೆಕ್ಕಾ ಕೇಳಿದ್ರ ನಿನ್ನ ಕಡಿನೇ ಕಳಸ್ತೀನಿ ನೋಡು" ಎನ್ನುತ್ತಿದ್ದರು. ಎಲ್ಲರೂ ನಗುವರು. ನಾನೂ ನಗುತ್ತ ಬರೆಯುತ್ತಿದ್ದೆ.

ನಮ್ಮ ಬಳಗದ ಹೆಂಗಸರು ಹೆಚ್ಚಾಗಿ ಭತ್ತದ ನಾಟಿಗೆ ಹೋಗುವವರು. ಕೃಷ್ಣೆಯ ಕಾಲುವೆ ಬಂದ ಮೇಲೆ ನಮ್ಮ ಕಡೆ ಜೋಳದ ಹೊಲಗಳೆಲ್ಲ ಗದ್ದೆಯಾದವು. ನೀರು ಬಿಟ್ಟ ದಿನಗಳಲ್ಲಿ ಬೆಳಗಿನಿಂದ ಸಂಜೆತನಕ ಕೆಸರಿನಲ್ಲಿ ಬಗ್ಗಿ ಸಸಿ ನೆಟ್ಟು ಬರುವ ಹೆಂಗಸರಿಗೆ ಸಂಜೆ ನೆಟ್ಟಗೆ ನಿಂತು ಹಾಡುವುದೇ ಕಷ್ಟ. ತಲೆ ತಾನಾಗಿ ಬಾಗುತ್ತದೆ, ದನಿ ನೆಲಕ್ಕೆ ಬೀಳುತ್ತದೆ. ಅಂಗಡಿ ಅವ್ವ ಅಂಗಡಿಯಿಂದ ನಾವು ಅಜವಾನ ಎನ್ನುವ ಓಮದ ಕಾಳು ಮತ್ತು ಬೆಲ್ಲದ ಚೂರು ತಂದು ಒಬ್ಬೊಬ್ಬರ ಅಂಗೈಗೆ ಹಾಕುವರು. "ತಲಿ ಎತ್ರೇ. ಇಲ್ಲಿ ಸಸಿ ಹಚ್ಚೂದಿಲ್ಲ ಯಾರೂ. ಜ್ವಾಳದ ರೊಟ್ಟಿ ತಿನ್ನೂ ಮುಂದ ಈ ಓಣ್ಯಾಗ ದನಿ ಗುಡ್ಡಕ್ಕ ಹೋಗಿ ಬಡಿತಿತ್ತು. ಈಗ ಅನ್ನ ತಿಂದು ತಿಂದು ಎಲ್ಲಾರ ದನಿನೂ ಗಂಜಿ ಆಗ್ಯಾದ." ಆ ಮಾತಿಗೆ ನಗು ಬಂದರೆ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಅಂಗಡಿ ಅವ್ವನ ಬಳಗಕ್ಕೆ ಇದು ಹಿಡಿಸುತ್ತಿರಲಿಲ್ಲ. ಒಂದು ಮಧ್ಯಾಹ್ನ ನಾನು ಅಂಗಡಿಯಲ್ಲಿದ್ದಾಗಲೇ ಅವರ ಮೈದುನ ಬಂದು ಕಟ್ಟೆಯ ಮೇಲೆ ಕಾಲಿಟ್ಟು ನಿಂತ.

"ಏನ್ ಅತ್ತಿಗಿ, ಕಿರಿಸ್ತಾನ್ರ ಗುಡ್ಯಾಗ ಹಾಡಾಕತ್ತಿ ಅಂತ ಊರೆಲ್ಲಾ ಅಂತಾರ. ಇನ್ನ ಲಿಂಗಾ ತಗದು ಶಿಲುಬಿ ಕಟ್ಕೊಂತಿ ಏನು?"

ಅಂಗಡಿ ಅವ್ವ ತಕ್ಕಡಿಯಿಂದ ಕಣ್ಣು ತೆಗೆಯಲಿಲ್ಲ. "ಒಂದೇ ಕೊರಳು ಅದಪ್ಪಾ ನಂದು. ಲಿಂಗಾನೂ ಅಲ್ಲೇ ಅದ, ಹಾಡೂ ಅಲ್ಲೇ ಅದ. ಇಷ್ಟು ವರ್ಷ ಆಯ್ತು, ಎರಡೂ ಜಗಳಾಡಿಲ್ಲ. ನೀ ಯಾಕ ಜಗಳಾಡ್ತಿ? ಕಡ್ಲಿ ಬ್ಯಾಳಿ ಎಷ್ಟು ಬೇಕು ಹೇಳು."

ಅವನು ಅರ್ಧ ಕಿಲೋ ಕಟ್ಟಿಸಿಕೊಂಡು ಹೋದ. ನನ್ನ ಕಡೆಗೆ ಒಮ್ಮೆಯೂ ನೋಡಲಿಲ್ಲ.

ಇಷ್ಟಾದರೂ ಅವರು ಬೆಳಕಿನಲ್ಲಿ ನಿಂತು ಹಾಡಿದವರಲ್ಲ. ಕ್ಯಾರಲ್ ಹೋಗುವುದು ಹೊತ್ತು ಮುಳುಗಿದ ಮೇಲೆ, ಓಣಿಗಳ ಮಬ್ಬಿನಲ್ಲಿ. ಕ್ರಿಸ್ಮಸ್ಸಿನ ಬೆಳಗಿನ ಆರಾಧನೆಗೆ ಬಂದರೆ ಚರ್ಚಿನ ಹಿಂಬಾಗಿಲ ಪಕ್ಕದ ಚಾಪೆಯ ಮೇಲೆ ಕೂತು, ಅಲ್ಲಿಂದಲೇ ದನಿಗೂಡಿಸಿ, ಅಂಗಡಿ ತೆಗೆಯುವ ಹೊತ್ತಾಯಿತೆಂದು ಎದ್ದುಹೋಗುವರು. ಮುಂದೆ ಬನ್ನಿ ಎಂದು ನಾವು ಕರೆಯಲಿಲ್ಲ. ಅವರೂ ಕೇಳಲಿಲ್ಲ.

ಹೋದ ವರ್ಷದ ಹಿಂದಿನ ವರ್ಷ ಶಹಾಪುರದಲ್ಲಿ ಸೌಹಾರ್ದ ಕ್ರಿಸ್ಮಸ್ ಮಾಡಬೇಕೆಂದು ತೀರ್ಮಾನವಾಯಿತು. ಕಾಲುವೆಯ ಭತ್ತಕ್ಕಾಗಿ ಆಂಧ್ರದಿಂದ ಬಂದು ಕ್ಯಾಂಪ್ ಕಟ್ಟಿಕೊಂಡವರ ಚರ್ಚಿನ ಸಭೆ, ನಮ್ಮ ಸಭೆ, ಸುರಪುರದ ಸಭೆ, ಮೂರೂ ಸೇರಿ. ದೊಡ್ಡ ಮೈದಾನ, ದೊಡ್ಡ ವೇದಿಕೆ. ಒಬ್ಬರು ಮಠದ ಸ್ವಾಮಿಗಳು, ಒಬ್ಬರು ಮೌಲ್ವಿಗಳು, ತಾಲ್ಲೂಕಿನ ಅಧಿಕಾರಿಗಳು, ಯಾದಗಿರಿಯಿಂದ ನಮ್ಮ ಹಿರಿಯ ಪಾಸ್ಟರು. ಮೊದಲ ಹಾಡು ನಮ್ಮ ಬಳಗದ್ದು. ನಮ್ಮ ತಂದೆ ಶಾಲೆಯ ಮಾಸ್ತರರು, ಚರ್ಚಿನ ಕಮಿಟಿಯ ಸೆಕ್ರೆಟರಿ. ಹೆಂಗಸರಿಗೆ ನೀಲಿ ಅಂಚಿನ ಬಿಳಿ ಸೀರೆ, ಗಂಡಸರಿಗೆ ಬಿಳಿ ಅಂಗಿ ಎಂದು ಗೊತ್ತುಮಾಡಿ, ಸೀರೆಗಳನ್ನು ಯಾದಗಿರಿಯಿಂದ ಒಟ್ಟಿಗೆ ತರಿಸಿದ್ದೂ ಅವರೇ. ಅಂಗಡಿ ಅವ್ವನ ಸೀರೆಯನ್ನು ಕೊಟ್ಟುಬರಲು ನನ್ನನ್ನು ಕಳಿಸಿದರು.

ಬಿಳಿ ಬಣ್ಣ ನೋಡಿ ಏನನ್ನುವರೋ ಎಂದು ನನಗೆ ಅಳುಕಿತ್ತು. ಅವರು ಮಡಿಕೆ ಬಿಚ್ಚಿ, ಅಂಚನ್ನು ಬೆರಳಿನಿಂದ ಉಜ್ಜಿ ನೋಡಿದರು.

"ಗಂಡನ ಮನ್ಯಾರು ತಂದ ಬಿಳಿ ನಾ ಉಡ್ಲಿಲ್ಲ."

"ಬ್ಯಾಡಾದ್ರ ಬಿಡ್ರಿ ಅವ್ವಾ, ಅಪ್ಪಗ ಹೇಳ್ತೀನಿ. ನಿಮ್ಮ ಸೀರಿ ಮ್ಯಾಲೇ ನಿಂದರ್ರಿ."

"ಯಾಕ ಬ್ಯಾಡ? ಅದು ಕುಂದ್ರು ಅಂತ ಕೊಟ್ಟ ಬಿಳಿ. ಇದು ನಿಂದ್ರು ಅಂತ ಕೊಟ್ಟದ್ದು." ಸೀರೆಯನ್ನು ಹೆಗಲಿಗೆ ಹಾಕಿಕೊಂಡು ಗೋಡೆಯ ಸಣ್ಣ ಕನ್ನಡಿಯಲ್ಲಿ ನೋಡಿಕೊಂಡರು. "ಇಷ್ಟು ವರ್ಷ ಕತ್ಲಾಗ ಹಾಡೀನಿ ಯವ್ವಾ. ಒಮ್ಮಿ ಬೆಳಕಿನ್ಯಾಗ, ಊರು ನೋಡೂವಾಂಗ, ನಿಮ್ಮ ಸಾಲಿನ್ಯಾಗ ನಿಂತು ಹಾಡಿದ್ರ ಸಾಕು. ಮೈದುನ ನೋಡ್ಲಿ, ಅವನ ಅಪ್ಪ ನೋಡ್ಲಿ." ಆಮೇಲೆ ದನಿ ತಗ್ಗಿಸಿ, "ಸುರಪುರದಾಗ ನನ್ನ ಮಗಳಿಗಿ ಮಾತ್ರ ಹೇಳಬ್ಯಾಡ. ಮೊದಲ ಬೈತಾಳ. ಹಾಡಿ ಮುಗದ ಮ್ಯಾಲ ನಾನೇ ಹೋಗಿ ಹೇಳ್ತೀನಿ" ಎಂದರು.

ಆ ಸಲ ಒಂದು ಪ್ರಾಕ್ಟೀಸನ್ನೂ ಅವರು ತಪ್ಪಿಸಲಿಲ್ಲ. ಗಿರಾಕಿ ನಿಂತಿದ್ದರೂ ಅಂಗಡಿ ಬಾಗಿಲು ಮುಂದೆ ಮಾಡಿ ಬರುವರು. "ನಾಳಿಗಿ ಬಾರೋ, ಸಕ್ರಿ ಎಲ್ಲಿಗಿ ಓಡಿ ಹೋಗ್ತದ?"

ಕಾರ್ಯಕ್ರಮದ ಸಂಜೆ ಅವರು ಎಲ್ಲರಿಗಿಂತ ಮೊದಲು ಮೈದಾನಕ್ಕೆ ಬಂದಿದ್ದರು. ಬಿಳಿ ಸೀರೆ, ನೀಲಿ ಅಂಚು, ಹಸಿರು ಬಳೆ, ಹಣೆಯಲ್ಲಿ ವಿಭೂತಿ. ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಕಟ್ಟಿದ್ದರು. ಸೆರಗಿನ ತುದಿಯಲ್ಲಿ ಗಂಟು. ಅದರಲ್ಲಿ ನಮಗೆಲ್ಲ ಹಂಚಲು ಅಜವಾನ. ಹಂಚಿದರು. ಅಧಿಕಾರಿಗಳು ಬಂದರು, ದೀಪ ಹಚ್ಚಿದರು, ಹಾಡುಬಳಗ ಮೇಲೆ ಬರಬೇಕೆಂದು ಮೈಕಿನಲ್ಲಿ ಕರೆದರು. ನಾವು ಸಾಲಾಗಿ ಮೆಟ್ಟಿಲ ಹತ್ತಿರ ಹೋದೆವು. ನಾನು ಮುಂದೆ ಹತ್ತಿದೆ. ನನ್ನ ಹಿಂದೆ ಅವರು. ಮೆಟ್ಟಿಲ ಬಳಿ ನಮ್ಮದೇ ಯುವಕರ ಸಂಘದ ಒಬ್ಬ, ತಟ್ಟೆಯಲ್ಲಿ ಬ್ಯಾಡ್ಜುಗಳನ್ನು ಇಟ್ಟುಕೊಂಡು ನಿಂತಿದ್ದ.

"ಅವ್ವಾ, ನೀವು ಮ್ಯಾಲ ಬ್ಯಾಡ್ರಿ. ನಿಮಗ ಖುರ್ಚಿ ಇಟ್ಟೀವಿ, ಮುಂದಿನ ಸಾಲಿನ್ಯಾಗ."

"ಕುಂತು ಹಾಡಾಕ ನಾ ಏನು ಸಾಹೇಬನೇನೋ? ಸರಿ ಅತ್ಲಾಗ."

"ಇಲ್ಲರಿ ಅವ್ವಾ. ನೀವು ಅತಿಥಿ. ಕಮಿಟಿಯವ್ರು ಹೇಳ್ಯಾರ." ಅವನು ತಟ್ಟೆಯಿಂದ ಒಂದು ಬ್ಯಾಡ್ಜ್ ತೆಗೆದು ಹಿಡಿದ. ಅದರಲ್ಲಿ ಕೆಂಪು ಅಕ್ಷರದಲ್ಲಿ ಅತಿಥಿ ಎಂದು ಬರೆದಿತ್ತು. ಅವನೂ ಚಿಕ್ಕಂದಿನಿಂದ ಅವರ ಅಂಗಡಿಯ ಪೆಪ್ಪರ್‌ಮಿಂಟ್ ತಿಂದು ಬೆಳೆದವನು.

ನಾನು ವೇದಿಕೆಯ ಮೇಲಿನಿಂದ ತಿರುಗಿ ನೋಡಿದೆ. ಅಂಗಡಿ ಅವ್ವ ಬ್ಯಾಡ್ಜನ್ನು ನೋಡಿದರು. ಆಮೇಲೆ ಮೈಕಿನ ಹತ್ತಿರ ನಿಂತಿದ್ದ ನಮ್ಮ ತಂದೆಯನ್ನು ನೋಡಿದರು. ತಂದೆ ಮೈಕಿನ ವಾಯರನ್ನು ಕೈಯಲ್ಲಿ ಹಿಡಿದು, ಅದರಲ್ಲೇನೋ ಗಂಟು ಬಿಡಿಸುತ್ತಿದ್ದರು. ಆ ವಾಯರಿನಲ್ಲಿ ಗಂಟೇ ಇರಲಿಲ್ಲ. ಅವರು ಮುಖ ಎತ್ತಲಿಲ್ಲ. ಅಂಗಡಿ ಅವ್ವ ಒಂದು ಗಳಿಗೆ ಕಾದರು. ಸಾಲಿನಲ್ಲಿ ಅವರ ಹಿಂದಿದ್ದ ಹೆಂಗಸರು ಕಾದರು. "ಹೂಂ" ಎಂದು ಅವರು ಬದಿಗೆ ಸರಿದು ನಿಂತರು. ಹಿಂದಿನವರು ಒಬ್ಬೊಬ್ಬರಾಗಿ ಅವರನ್ನು ದಾಟಿ ಮೇಲೆ ಬಂದರು. ಯಾರೂ ಏನೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಮುಂದಿನ ಸಾಲು ಎಂದರೂ ಅವರಿಗೆ ಇಟ್ಟದ್ದು ಮೂರನೆಯ ಸಾಲಿನ ಕಬ್ಬಿಣದ ಖುರ್ಚಿ. ಆ ಸಾಲಿನಲ್ಲೆಲ್ಲ ಪಟ್ಟಣದ ವ್ಯಾಪಾರಸ್ಥರ ಮನೆಯವರು, ಬಣ್ಣ ಬಣ್ಣದ ರೇಷ್ಮೆಗಳು. ನಮ್ಮ ನಡುವೆ ನಿಂತಿದ್ದರೆ ಆ ಸೀರೆ ಹಾಡುಬಳಗದ ಸೀರೆಯಾಗಿರುತ್ತಿತ್ತು. ಅಲ್ಲಿ ಒಂಟಿಯಾಗಿ ಕೂತಾಗ ಅದು ಬರಿಯ ಬಿಳಿ ಸೀರೆ. ಎಷ್ಟೋ ವರ್ಷಗಳ ಹಿಂದೆ ಕೈ ಹಿಂದೆ ಕಟ್ಟಿಕೊಂಡು ಯಾವುದನ್ನು ಬೇಡವೆಂದಿದ್ದರೋ, ಅದನ್ನೇ ನಾವು ಊರ ಮುಂದೆ, ದೀಪದ ಬೆಳಕಿನಲ್ಲಿ, ಅವರಿಗೆ ಉಡಿಸಿ ಕೂಡಿಸಿದ್ದೆವು. ಎರಡು ಸಾಲು ಹಿಂದೆ ಅವರ ಮೈದುನ ಕುಳಿತಿದ್ದ.

ಕ್ಯಾಂಪಿನಿಂದ ಬಂದ ಕೀಬೋರ್ಡಿನವರು ಹಾಡಿನ ಮುನ್ನುಡಿ ನುಡಿಸಿದರು. ನಾವು ನಿಂತಿದ್ದೆವು. ಮುನ್ನುಡಿ ಮುಗಿಯಿತು. ಯಾರೂ ದನಿ ಎತ್ತಲಿಲ್ಲ. ಮರೆತದ್ದಲ್ಲ. ಇಡೀ ಬಳಗ ಬಳೆಯ ಸದ್ದಿಗಾಗಿ ಕಾಯುತ್ತಿತ್ತು. ನನ್ನ ಬಲಗಿವಿ ಖಾಲಿಯಾಗಿತ್ತು. ಕೀಬೋರ್ಡಿನವರು ನಮ್ಮ ಕಡೆ ಹುಬ್ಬು ಹಾರಿಸಿ ಮತ್ತೊಮ್ಮೆ ನುಡಿಸಿದರು. ಮತ್ತೆ ನಿಶ್ಶಬ್ದ. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಯಾದಗಿರಿಯ ಹಿರಿಯ ಪಾಸ್ಟರು ಕೆಮ್ಮಿದರು. ನನ್ನ ಪಕ್ಕದಲ್ಲಿದ್ದ ಹೆಂಗಸರ ತಲೆಗಳು ಒಂದೊಂದಾಗಿ, ಗದ್ದೆಯಲ್ಲಿ ಬಾಗುವಂತೆ, ಬಾಗತೊಡಗಿದವು.

ಆಗ ಕೆಳಗಿನಿಂದ ಬಂತು. ಕಬ್ಬಿಣದ ಖುರ್ಚಿಯ ಕೈಗೆ ಗಾಜಿನ ಬಳೆ ತಾಕಿದ ಸದ್ದು. ಖಣ್. ಖಣ್.

ಮೂರನೆಯದಕ್ಕೆ ನಾವೆಲ್ಲ ಒಟ್ಟಿಗೆ ದನಿ ಎತ್ತಿದೆವು.

ಹಾಡು ಚೆನ್ನಾಯಿತೆಂದು ಎಲ್ಲರೂ ಹೇಳಿದರು. ಸ್ವಾಮಿಗಳು ಭಾಷಣದಲ್ಲಿ ಹೊಗಳಿದರು. ನನಗೆ ನೆನಪಿರುವುದು ಅಂಗಡಿ ಅವ್ವನ ಮೇಲಿನ ದನಿ ಬರಬೇಕಾದ ಜಾಗಗಳಲ್ಲಿ ಬಿದ್ದ ತೂತುಗಳು, ಮತ್ತು ಆ ಜಾಗ ಬಂದಾಗಲೆಲ್ಲ ಮೂರನೆಯ ಸಾಲಿನಲ್ಲಿ ತುಟಿ ಬಿಗಿದು ಕೂತ ಮುಖ. ತಾಳ ಕೊಟ್ಟರು, ದನಿ ಕೊಡಲಿಲ್ಲ. ಊಟಕ್ಕೆ ಅವರು ನಿಲ್ಲಲಿಲ್ಲ. ಹೋಗುವಾಗ ಆ ಹುಡುಗನ ತಟ್ಟೆಯಲ್ಲಿ ಬ್ಯಾಡ್ಜನ್ನು ವಾಪಸು ಇಟ್ಟು, "ತಗೋ, ಮುಂದಿನ ವರ್ಷಕ್ಕ ಬರ್ತದ" ಎಂದರಂತೆ.

ಮನೆಗೆ ಬಂದ ಮೇಲೆ ತಂದೆಯನ್ನು ಕೇಳಿದೆ. ಅವರು ಅಂಗಿಯ ಗುಂಡಿ ಬಿಚ್ಚುತ್ತ ಗೋಡೆಯ ಕಡೆ ನೋಡಿ ಮಾತನಾಡಿದರು.

"ಪಕ್ಕದ ತಾಲ್ಲೂಕಿನ್ಯಾಗ ಏನಾಯ್ತು, ನಿನಗ ಗೊತ್ತದ. ಪ್ರಾರ್ಥನಿ ಮಾಡಾಕತ್ತಿದ್ದ ಮನಿಗಿ ಮಂದಿ ನುಗ್ಗಿ, ಪಾಸ್ಟರಿಗಿ ದಿನಾ ಪೂರ್ತಿ ಠಾಣೆದಾಗ ಕುಂದ್ರಿಸಿದ್ರು. ಇಲ್ಲಿ ಸ್ವಾಮಿಗಳು ಎದುರಿಗಿ ಕುಂತಿರ್ತಾರ. ಲಿಂಗವಂತ್ರಾಕಿ, ನಮ್ಮ ಸೀರಿ ಉಟ್ಟು, ನಮ್ಮ ಸಾಲಿನ್ಯಾಗ ನಿಂತ್ರ ನಾಳಿಗಿ ಏನಂತಾರ? ಜಾತಿ ಕೆಡಿಸ್ಯಾರ ಅಂತಾರ. ಸೀರಿ ಕೊಟ್ಟ ಮ್ಯಾಲ ಕಮಿಟಿಯವ್ರು ಎಲ್ಲಾರೂ ಅಂಜಿದ್ರು. ನಾನೂ ಅಂಜಿದೆ."

"ಮೊದಲೇ ಹೇಳಬಹುದಿತ್ತಲ್ಲ ಅಪ್ಪಾ? ಆ ಸೀರಿ ಉಡೂ ಮುಂಚೆ?"

ತಂದೆ ಅಂಗಿಯನ್ನು ಗೂಟಕ್ಕೆ ನೇತುಹಾಕಿದರು. "ಎರಡು ಸಲ ಹೇಳಾಕಂತಲೇ ಹೋಗಿದ್ದೆ. ಎರಡೂ ಸಲ ಬರ್ರಿ ಮಾಸ್ತರ್ರ ಅಂತ ಚಹಾ ಕೊಟ್ರು. ಚಹಾ ಕುಡದು ಬಂದೆ."

ತಂದೆಯ ಅಂಜಿಕೆ ಸುಳ್ಳಲ್ಲ. ಅದನ್ನು ನಾನು ಇಂದಿಗೂ ಒಪ್ಪುತ್ತೇನೆ. ಅಂದು ಅವರು ನಮ್ಮ ಸಾಲಿನಲ್ಲಿ ನಿಂತಿದ್ದರೆ ಮರುದಿನ ಏನಾಗುತ್ತಿತ್ತೋ ಯಾರು ಬಲ್ಲರು. ಆದರೆ ತನ್ನವರ ಬಾಯಿಗೆ ಅಂಜದೆ ಇಷ್ಟು ವರ್ಷ ರಸ್ತೆ ದಾಟಿ ಬಂದ ಒಬ್ಬ ಹೆಂಗಸು, ನಮ್ಮ ಕಡೆಯೂ ಒಂದು ಗೆರೆ ಇದೆ ಎಂದು ಆ ಮೆಟ್ಟಿಲ ಬಳಿ ತಿಳಿಯಬೇಕಾಯಿತು. ಕೇರಿಯಲ್ಲಿ ಹುಟ್ಟಿದ ನಮಗೆ ಬಾಗಿಲ ಹೊರಗೆ ನಿಲ್ಲಿಸುವುದು ಎಂದರೇನೆಂದು ಯಾರೂ ಕಲಿಸಬೇಕಾಗಿಲ್ಲ. ಕಲಿತದ್ದನ್ನು ಅವರ ಮೇಲೆ ಪ್ರಯೋಗಿಸಿದೆವು. ಅದೂ ಅತಿಥಿ ಎಂದು ಮರ್ಯಾದೆ ಕೊಟ್ಟು.

ಆಮೇಲೆ ಅವರು ಪ್ರಾಕ್ಟೀಸಿಗೆ ಬರಲಿಲ್ಲ. ಮುನಿಸನ್ನೂ ತೋರಿಸಲಿಲ್ಲ. ಅಂಗಡಿಗೆ ಹೋದರೆ ಅದೇ ನಗು, ಅದೇ ಗೇಲಿ. ನಾಟಿಗೆ ಹೋಗುವ ಹೆಂಗಸರಿಗೆ ಬೆಳಿಗ್ಗೆ ಅದೇ ಅಜವಾನ. ನಾನು ಒಂದು ದಿನ ಮೇಣದ ಬತ್ತಿ ಕೊಳ್ಳುವ ನೆವದಲ್ಲಿ ಹೋಗಿ, "ಅವ್ವಾ, ಪ್ರಾಕ್ಟೀಸಿಗಿ ಬರ್ರಿ. ನೀವಿಲ್ಲದ ಯಾರೂ ಬರೋಬ್ಬರಿ ಹಾಡವಲ್ರು" ಎಂದೆ.

"ಬರ್ತೀನಿ ಯವ್ವಾ. ಈ ಕೆಮ್ಮೊಂದು ಕಮ್ಮಿ ಆಗ್ಲಿ."

ಅವರಿಗೆ ಕೆಮ್ಮು ಇರಲಿಲ್ಲ. ಅಷ್ಟು ಹೊತ್ತು ಅಲ್ಲಿ ನಿಂತಿದ್ದೆ, ಒಮ್ಮೆಯೂ ಕೆಮ್ಮಲಿಲ್ಲ.

ಹೋದ ಡಿಸೆಂಬರಿನಲ್ಲಿ ಕ್ಯಾರಲ್ಲಿನ ಕೊನೆಯ ನಿಲ್ದಾಣ ಎಂದಿನಂತೆ ಅವರ ಅಂಗಡಿಯಾಗಿತ್ತು. ತೆಗೆದುಹಾಕೋಣವೇ ಎಂದು ಒಬ್ಬಿಬ್ಬರು ಕೇಳಿದರು. ಯಾವ ಮುಖ ಹೊತ್ತುಕೊಂಡು ಹೋಗುವುದು ಎಂಬುದು ಅವರ ಪ್ರಶ್ನೆ. ಹೋಗದಿದ್ದರೆ ಇನ್ನಾವ ಮುಖ ಎಂದು ನಾನು ಬಿಡಲಿಲ್ಲ. ಅಂಗಡಿಯ ಮುಂದೆ ನಿಂತು ನಕ್ಷತ್ರದ ದೀಪ ಎತ್ತಿ ಹಿಡಿದು ಹಾಡಿದೆವು. ಹಾಡು ಬಡವಾಗಿತ್ತು. ಅಂಗಡಿ ಅವ್ವ ಕೆಂಪು ದಡಿಯ ಸೀರೆ ಉಟ್ಟು, ಗಲ್ಲಾದ ಹಿಂದೆ ನಿಂತು ಕೊನೆಯತನಕ ಕೇಳಿದರು. ತುಟಿ ಅಲುಗಲಿಲ್ಲ, ಬಳೆ ಅಲುಗಲಿಲ್ಲ. ಮುಗಿದ ಮೇಲೆ, "ಕುಂದರ್ರಿ, ಚಹಾ ಆಗ್ಯಾದ" ಎಂದರು.

ತಂದೆ ರಸ್ತೆಯ ಆಚೆಗೆ, ಚರ್ಚಿನ ಗೇಟಿನ ಹತ್ತಿರವೇ ನಿಂತಿದ್ದರು.

"ಮಾಸ್ತರ್ರ, ರಸ್ತಾದಾಗ ಯಾಕ ನಿಂತೀರಿ? ಬರ್ರಿ ಈ ಕಡಿ. ಚಹಾ ಆರತದ."

ತಂದೆ ಬಂದರು. ಕಟ್ಟೆಯ ತುದಿಯಲ್ಲಿ ಕೂತರು. ಅಂಗಡಿ ಅವ್ವ ದೊಡ್ಡ ಪಾತ್ರೆಯ ಪಕ್ಕದಲ್ಲಿ ಕೆಟಲಿ ಇಟ್ಟು, ಅದರ ಬಾಯಿಗೆ ಒಂದು ಬಟ್ಟೆ ಹಾಸಿ, ಚಹಾ ಸೋಸತೊಡಗಿದರು. ನಕ್ಷತ್ರದ ದೀಪ ಅಲ್ಲೇ ಹತ್ತಿರದಲ್ಲಿತ್ತು. ಬಟ್ಟೆ ಬಿಳಿಯದು, ಚಹಾ ಬಿದ್ದಲ್ಲಿ ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಅದರ ಒಂದು ಬದಿಗೆ ನೀಲಿ ಅಂಚಿತ್ತು. ಅವರು ಪುಡಿಯ ಗಂಟನ್ನು ಎರಡು ಕೈಗಳಿಂದ ಹಿಂಡಿದಾಗ ಅಂಚಿನಿಂದ ಹನಿಹನಿಯಾಗಿ ಚಹಾ ಕೆಟಲಿಗೆ ಇಳಿಯಿತು.

ಎಲ್ಲರೂ ನೋಡಿದೆವು. ಎಲ್ಲರ ಕೈಗೂ ಚಹಾದ ಕಪ್ಪು ಬಂತು. ಎಲ್ಲರೂ ಕುಡಿದೆವು.

"ಹೆಂಗಾಗ್ಯಾದ?" ಎಂದು ಕೇಳಿದರು.

"ಚಲೋ ಆಗ್ಯಾದ್ರಿ ಅವ್ವಾ" ಎಂದರು ಯಾರೋ.

"ಆಗ್ಲೇಬೇಕು. ಬಟ್ಟಿ ಚಲೋದದ." ತಂದೆಯ ಕಪ್ಪು ಖಾಲಿಯಾದುದನ್ನು ನೋಡಿ ಕೆಟಲಿ ಎತ್ತಿದರು. "ಮಾಸ್ತರ್ರ, ಇನ್ನೊಂದು ಕಪ್ ತಗೋರಿ. ಸಂಕೋಚ ಬ್ಯಾಡ. ಆರು ಗಜ ಅದ, ನಾ ಸಾಯೂತನ ಸಾಕಾಗ್ತದ."

ಅದರಲ್ಲಿ ಕೊಂಕಿತ್ತೇ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಅವರ ಮುಖದಲ್ಲಿ ಅದು ಕಾಣಲಿಲ್ಲ. ಎಣ್ಣೆ ಡಬ್ಬಿ ಒರೆಸಿದ ಕಥೆ ಹೇಳುವಾಗ ಇದ್ದ ಮುಖವೇ ಅದು. ತಂದೆ ಎರಡನೆಯ ಕಪ್ಪನ್ನೂ ಕುಡಿದರು. ಹೇಳಲು ಹೋಗಿ ಕುಡಿದ ಆ ಎರಡು ಚಹಾಗಳಿಗಿಂತ ಇದು ಇಳಿಯುವುದು ಕಷ್ಟವಾಗಿರಬೇಕು.

ಈ ದೀಪಾವಳಿ ಮುಗಿದ ಮೇಲೆ ಒಂದು ಬೆಳಿಗ್ಗೆ ಅವರು ಅಂಗಡಿ ತೆಗೆಯಲಿಲ್ಲ. ನಿದ್ದೆಯಲ್ಲೇ ಹೋಗಿದ್ದರು. ಮಣ್ಣಿಗೆ ನಾವೂ ಹೋದೆವು. ಅವರ ಕಡೆಯ ಭಜನೆಯವರು ದಾರಿಯುದ್ದಕ್ಕೂ ಹಾಡಿದರು. ನಾವು ಹಿಂದೆ ಹಿಂದೆ ನಡೆದೆವು. ನಾವೂ ಒಂದು ಹಾಡು ಹಾಡಬಹುದೇ ಎಂದು ಕೇಳುವ ಬಾಯಿ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಮೊನ್ನೆ ಶನಿವಾರ ಸುರಪುರದಿಂದ ಅವರ ಮಗಳು ಅಂಗಡಿ ಖಾಲಿ ಮಾಡಲು ಬಂದಿದ್ದರು. ನಾನು ಕೈಜೋಡಿಸಲು ಹೋದೆ. ಡಬ್ಬಿಗಳನ್ನು ಇಳಿಸಿದೆವು, ಉಳಿದ ಬೇಳೆಯನ್ನು ಓಣಿಯವರಿಗೆ ಹಂಚಿದೆವು. ಒಳಗಿನ ಟ್ರಂಕಿನಲ್ಲಿ ಇಳಕಲ್ ಸೀರೆಗಳ ಕೆಳಗೆ ಒಂದು ಬಿಳಿ ಸೀರೆ ಸಿಕ್ಕಿತು. ಒಗೆದು, ನೀಟಾಗಿ ಮಡಿಸಿ ಇಟ್ಟಿದ್ದರು. ಒಂದು ತುದಿಯಿಂದ ಮೊಳದಷ್ಟು ಬಟ್ಟೆ ಹರಿದು ತೆಗೆದಿತ್ತು. ಉಳಿದದ್ದೆಲ್ಲ ಹಾಗೇ ಇತ್ತು.

ಮಗಳು ಅದನ್ನು ಬಿಚ್ಚಿ ಹಿಡಿದು ಹುಬ್ಬು ಗಂಟಿಕ್ಕಿದರು.

"ಇದೆಲ್ಲಿದು? ನಮ್ಮವ್ವ ಜನ್ಮದಾಗ ಬಿಳಿ ಉಟ್ಟಾಕಿ ಅಲ್ಲ. ಅಪ್ಪ ಸತ್ತಾಗ ಕಾಕಾನೋರು ತಂದದ್ದು ಹರದು ಒಗದಾಕಿ. ಇದನ್ನ ಯಾರು ತಂದು ಕೊಟ್ರು ನಮ್ಮವ್ವಗ?"

ಹಾಗಾದರೆ ಅವರು ಮಗಳಿಗೆ ಹೇಳಿರಲಿಲ್ಲ. ಹಾಡಿ ಮುಗಿದ ಮೇಲೆ ಹೇಳುತ್ತೇನೆ ಎಂದಿದ್ದರು. ಹಾಡಲಿಲ್ಲ, ಹೇಳಲಿಲ್ಲ. ನಾವು ಮಾಡಿದ್ದನ್ನು ಮಗಳ ಕಿವಿಗೆ ಬೀಳಗೊಡದೆ ಟ್ರಂಕಿನ ತಳದಲ್ಲಿ ಮಡಿಸಿಟ್ಟಿದ್ದರು.

"ನಾವ್ರೀ ಅಕ್ಕಾ" ಎಂದೆ.

"ನೀವಾ? ಯಾಕ?"

ಮೈದಾನ, ಮೆಟ್ಟಿಲು, ಖುರ್ಚಿ ಎಲ್ಲ ಬಾಯಿತನಕ ಬಂತು. "ಹಾಡಾಕಂತ ಕೊಟ್ಟಿದ್ವಿ" ಎಂದೆ.

ಅವರು ನನ್ನ ಮುಖವನ್ನು ಒಂದು ಕ್ಷಣ ನೋಡಿದರು. "ಹಂಗಾರ ನೀವೇ ಒಯ್ಯಿರಿ. ಚಲೋ ಬಟ್ಟಿ ಅದ, ಯಾತಕ್ಕಾರ ಬರ್ತದ" ಎಂದು ಸೀರೆಯನ್ನು ನನ್ನ ಕೈಯಲ್ಲಿಟ್ಟರು.

ರಸ್ತೆಯ ಆಚೆ ಚರ್ಚಿನಲ್ಲಿ ಈ ವರ್ಷದ ಮೊದಲ ಪ್ರಾಕ್ಟೀಸಿಗೆ ಹೆಂಗಸರು ಆಗಲೇ ಸೇರಿದ್ದರು. ಅವರ ಮಾತು ಕೇಳಿಸುತ್ತಿತ್ತು, ಹಾಡು ಇನ್ನೂ ಶುರುವಾಗಿರಲಿಲ್ಲ. ನಾನು ಸೀರೆಯನ್ನು ಇನ್ನೊಂದು ಸಲ ಮಡಿಸಿದೆ. ನೀಲಿ ಅಂಚು ಹೊರಗೆ ಕಾಣದಂತೆ ಒಳಗೆ ಹಾಕಿ, ಎದೆಗೆ ಅವಚಿಕೊಂಡು ರಸ್ತೆ ದಾಟಿದೆ.